ನಿದ್ದೆ ಬಾರದ ಕಾರು

ಜನವರಿ 11

ಮಾವನಿಗೆ ನಮಸ್ಕಾರ.

ಫೋನ್ ಮಾಡಿದರೆ ನೀವು ಎತ್ತುವುದಿಲ್ಲ. ಅತ್ತೆ ಎತ್ತಿದರೆ ಈಗ ತಾನೇ ಹೊರಗೆ ಹೋದರು ಎನ್ನುತ್ತಾಳೆ, ಅವಳ ಹಿಂದೆಯೇ ನಿಮ್ಮ ಕೆಮ್ಮು ಕೇಳಿಸುತ್ತದೆ. ಎರಡು ವರ್ಷದಿಂದ ಹೀಗೇ ನಡೆದಿದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಹರಿದು ಹಾಕುವ ಮೊದಲು ಒಂದು ಸಲವಾದರೂ ಓದುತ್ತೀರಿ ಎಂಬ ಆಸೆ.

ಕೆಲಸದ ವಿಷಯ ಮಾತ್ರ ಬರೆಯುತ್ತೇನೆ. ಬೇರೆಯದನ್ನು ಬರೆಯಲು ಇನ್ನೂ ಧೈರ್ಯ ಬಂದಿಲ್ಲ.

ಮೇ ತಿಂಗಳ ಪ್ರದರ್ಶನಕ್ಕೆ ಕಂಪನಿಯ ಕಾನ್ಸೆಪ್ಟ್ ಕಾರು ಮಾಡುವ ಹೊಣೆ ನನ್ನ ಮೇಲೆ ಬಿದ್ದಿದೆ. (ಅತ್ತೆಯೂ ಇದನ್ನು ಓದುತ್ತಾಳೆಂದು ಗೊತ್ತಿರುವುದರಿಂದ ಅವಳಿಗಾಗಿ ಒಂದು ಮಾತು: ಇದು ಮಾರುವ ಕಾರಲ್ಲ. ಮುಂದೊಂದು ದಿನ ಹೀಗೆ ಮಾಡಬಲ್ಲೆವು ಎಂದು ಜನಕ್ಕೆ ತೋರಿಸಲು ಮಾಡುವ ಒಂದೇ ಒಂದು ಕಾರು.) ನಮ್ಮ ಮುಖ್ಯಸ್ಥರು, ನೀವು 'ಹೂಂ ಸಾಹೇಬರು' ಎಂದು ಹೆಸರಿಟ್ಟಿದ್ದಿರಲ್ಲ ಅವರೇ, ಎಲ್ಲರನ್ನೂ ಕೂರಿಸಿ ಒಂದು ಪ್ರಶ್ನೆ ಕೇಳಿದರು. ಕಾರು ತಾನಾಗಿಯೇ ಓಡುವ ಕಾಲ ಬಂದರೆ ಒಳಗೆ ಕೂತವನು ಏನು ಮಾಡುತ್ತಾನೆ? ಒಬ್ಬರು ಸಿನಿಮಾ ನೋಡುತ್ತಾನೆ ಎಂದರು. ಇನ್ನೊಬ್ಬರು ಆಫೀಸಿನ ಕೆಲಸ ಮುಗಿಸುತ್ತಾನೆ ಎಂದರು. ನಾನು ನಿದ್ದೆ ಮಾಡುತ್ತಾನೆ ಎಂದೆ. ಎಲ್ಲರೂ ನಕ್ಕರು. ಸಾಹೇಬರು ಮಾತ್ರ ನಗದೆ ಉದ್ದನೆಯ ಒಂದು ಹೂಂ ಹೇಳಿದರು. ಆ ಹೂಂನಿಂದ ಇದೆಲ್ಲ ಶುರುವಾಯಿತು.

ಕಾರು ಚಿಕ್ಕದು, ಇಬ್ಬರು ಮಲಗಬಹುದು. ಸ್ಟೀರಿಂಗ್ ಇಲ್ಲ. ಎಡಗಡೆ ಒಂದೇ ಬಾಗಿಲು. ಒಳಗೆ ಮಲಗಿದರೆ ತಲೆಯ ಮೇಲೆ ಗಾಜು, ಅದರಾಚೆ ಮರದ ತುದಿಗಳು ಮೆಲ್ಲಗೆ ಹಿಂದಕ್ಕೆ ಹರಿಯುತ್ತವೆ. ಹೊರಗಿನಿಂದ ನೋಡಿದವರಿಗೂ ಕಾರೇ ನಿದ್ದೆ ಹೋಗಿದೆ ಅನ್ನಿಸಬೇಕು ಎಂಬುದು ನನ್ನ ಹಟ. ಈಗಿನ ಕಾರುಗಳೆಲ್ಲ ಹುಬ್ಬು ಗಂಟಿಕ್ಕಿಕೊಂಡು ಯಾರ ಮೇಲೋ ಜಗಳಕ್ಕೆ ಹೊರಟ ಹಾಗಿರುತ್ತವೆ.

ಕಂಪ್ಯೂಟರಿನ ಪರದೆಯ ಮೇಲೆ ಚೆನ್ನಾಗಿ ಬಂತು. ಯಂತ್ರ ಗಟ್ಟಿ ಫೋಮನ್ನು ಕೊರೆದು ಪೂರ್ತಿ ಅಳತೆಯ ಮಾದರಿ ಮಾಡಿಕೊಟ್ಟಿತು. ಬಣ್ಣ ಬಳಿದು ಟ್ಯೂಬ್‌ಲೈಟುಗಳ ಸಾಲಿನ ಕೆಳಗೆ ನಿಲ್ಲಿಸಿದೆವು. ಬೆಳಕು ಮೂತಿಯಿಂದ ಬಾಲದವರೆಗೆ ಎಲ್ಲೂ ತಡವರಿಸದೆ ಹರಿಯಿತು. ಒಂದೇ ಒಂದು ತಪ್ಪು ತೋರಿಸಲಾಗದು. ಆದರೆ ಸಾಹೇಬರು ಅದರ ಸುತ್ತ ಮೂರು ಸುತ್ತು ಬಂದು, "ಕಣ್ಣು ಮುಚ್ಕೊಂಡಿದೆ. ಆದ್ರೆ ಎಚ್ಚರ ಇದೆ" ಎಂದರು.

ಮಾತು ನಿಜ. ದೊಡ್ಡವರು ಬಂದಾಗ ನಿದ್ದೆ ಬಂದಂತೆ ನಟಿಸುವ ಮಗುವಿನ ಹಾಗಿದೆ ನನ್ನ ಕಾರು. ಹತ್ತು ದಿನದಿಂದ ನೋಡಿ ನೋಡಿ ಕಣ್ಣು ಸೋತಿದೆ. ತಪ್ಪು ಎಲ್ಲಿದೆ ಎಂದು ಸಿಗುತ್ತಿಲ್ಲ. ನಿಮಗೆ ಸಿಗುತ್ತದೆ. ಫೋಟೋಗಳನ್ನು ಇಟ್ಟಿದ್ದೇನೆ, ಒಂದು ಸಲ ನೋಡಿ.

ನಿಮ್ಮ ಗೆರೆ


ಜನವರಿ 25

ಗೆರೆಗೆ,

ಕಾಗದ ಬಂತು. ಹರಿದು ಹಾಕಿಲ್ಲ.

ನಾನು ಆ ಕೆಲಸ ಬಿಟ್ಟವನು. ಫೋಟೋ ನೋಡಿ ಹೇಳುವಂಥದ್ದು ನನ್ನ ಹತ್ತಿರ ಏನೂ ಇಲ್ಲ. ನಿಮ್ಮಲ್ಲಿ ದೊಡ್ಡ ದೊಡ್ಡ ಯಂತ್ರಗಳಿವೆ, ಕೂದಲೆಳೆಯ ದಪ್ಪವನ್ನೂ ಅಳೆಯುತ್ತವೆ. ಅವನ್ನು ಕೇಳು.

ದೀಪ ಆರಿಸು. ಕಣ್ಣು ಮುಚ್ಚು. ಕೈಗೆ ತೆಳು ಹತ್ತಿಬಟ್ಟೆ ಸುತ್ತಿಕೊಂಡು ಮುಂದಿನಿಂದ ಹಿಂದಕ್ಕೆ ಸವರು. ಒತ್ತಬೇಡ. ಕೈ ಎಲ್ಲಿ ಯೋಚನೆ ಮಾಡುತ್ತದೋ ಅಲ್ಲಿ ನೋಡು.

ಇಷ್ಟೇ. ಇನ್ನು ಇದರ ಬಗ್ಗೆ ಬರೆಯಬೇಡ.

ಮಾವ


ಫೆಬ್ರವರಿ 4

ಮಾವ,

ಬರೆಯಬೇಡ ಎಂದಿರಿ, ಬರೆಯುತ್ತಿದ್ದೇನೆ. ಚಿಕ್ಕಂದಿನಲ್ಲೂ ಗೋಡೆಯ ಮೇಲೆ ಬರೆಯಬೇಡ ಎಂದು ಎಷ್ಟು ಸಲ ಹೇಳಿದಿರಿ, ಕೇಳಿದೆನೇ? ಕೊನೆಗೆ ಸೋತು ನೀವೇ 'ಗೆರೆ' ಎಂದು ಹೆಸರಿಟ್ಟು ಸುಮ್ಮನಾದಿರಿ.

ನಿಮ್ಮ ಅಕ್ಷರ ಸಾಲು ಬಿಟ್ಟು ಇಳಿದು ಹಾಳೆಯ ಅಂಚಿನಲ್ಲಿ ಬಿದ್ದುಹೋಗುವಂತಿತ್ತು. ಎಷ್ಟು ಕೋಪದಲ್ಲಿ ಬರೆದಿರೋ ಎಂದು ಸಂಕಟವಾಯಿತು.

ನೀವು ಹೇಳಿದಂತೆ ಮಾಡಿದೆ. ಊಟದ ಹೊತ್ತಿನಲ್ಲಿ ಎಲ್ಲರೂ ಹೊರಗೆ ಹೋದಾಗ ದೀಪ ಆರಿಸಿ, ಕರವಸ್ತ್ರ ಸುತ್ತಿಕೊಂಡು ಸವರಿದೆ. ನನ್ನ ಕೈ ಯೋಚನೆಯನ್ನೇ ಮಾಡಲಿಲ್ಲ. ಹನ್ನೆರಡು ವರ್ಷ ಮೌಸ್ ಹಿಡಿದ ಕೈ, ಅದಕ್ಕೆ ಏನು ಗೊತ್ತು? ಬಣ್ಣ ಬಳಿದ ಫೋಮ್ ಕೂಡ ಸತ್ತ ಹಾಗೆ ತಣ್ಣಗಿತ್ತು. ಇದು ಮಣ್ಣಿನಲ್ಲಿ ಆಗಬೇಕು ಅನ್ನಿಸಿತು.

ಕಾರಿನ ಮಾದರಿಗಳನ್ನು ಕೈಯಲ್ಲೇ ಮೆತ್ತಿ ಕೆರೆದು ಮಾಡುತ್ತಿದ್ದ ನಿಮ್ಮ ಮಣ್ಣಿನ ಕೋಣೆ ಈಗ ಮೀಟಿಂಗ್ ಕೋಣೆಯಾಗಿದೆ. ಗೋಡೆಗೆ ಆಕಾಶದ ಬಣ್ಣ, ಕೂರಲು ಗಾಳಿ ತುಂಬಿದಂಥ ಮೆತ್ತೆಗಳು. ಮಣ್ಣು ಕಾಯಿಸುವ ಒಲೆ ಇದ್ದ ಜಾಗದಲ್ಲಿ ನೆಲದ ಮೇಲೆ ಕಂದು ಕಲೆ ಹಾಗೇ ಉಳಿದಿದೆ. ಉಜ್ಜಿ ಉಜ್ಜಿ ಸಾಕಾಗಿ ಅದರ ಮೇಲೊಂದು ಹೂಕುಂಡ ಇಟ್ಟಿದ್ದಾರೆ.

ಸಾಹೇಬರ ಹತ್ತಿರ ಹೋಗಿ ಮಣ್ಣು ಬೇಕು ಎಂದೆ. ಮಾರ್ಚ್ ಕೊನೆಯವರೆಗೆ ಸಮಯ ಕೊಟ್ಟರು, ಸರಕು ಇಳಿಸುವ ಶೆಡ್ಡಿನಲ್ಲಿ ಒಂದು ಮೂಲೆ ಕೊಟ್ಟರು, ಉಗ್ರಾಣದಿಂದ ಹಳೇ ಒಲೆ ತರಿಸಿದರು. ಅಷ್ಟರೊಳಗೆ ಸರಿಹೋಗದಿದ್ದರೆ ಈ ಸಲ ಪ್ರದರ್ಶನಕ್ಕೆ ಕಾರೇ ಇಲ್ಲ, ನನ್ನ ಕುರ್ಚಿಯೂ ಬಹುಶಃ ಇರುವುದಿಲ್ಲ.

ಮಣ್ಣಿನ ಮೊದಲ ಡಬ್ಬ ಬಿಚ್ಚಿದಾಗ ಗಂಧಕ, ಮೇಣ ಬೆರೆತ ಆ ವಾಸನೆ ಬಂತು. ಅಮ್ಮ ತೀರಿಕೊಂಡ ವರ್ಷ ನೀವು ನನ್ನನ್ನು ಎತ್ತಿಕೊಂಡು ನಿಮ್ಮ ಮನೆಗೆ ತಂದಿರಲ್ಲ, ಅವತ್ತು ನಿಮ್ಮ ಅಂಗಿಯ ವಾಸನೆ. ಡಬ್ಬದ ಮುಂದೆ ಕೂತುಬಿಟ್ಟೆ.

ಬಿಸಿ ಮಣ್ಣು ಮೆತ್ತಲು ಹೋಗಿ ಎರಡು ಬೆರಳು ಸುಟ್ಟುಕೊಂಡಿದ್ದೇನೆ. ಮೆತ್ತಿದ್ದೂ ಗುಡ್ಡ ಹಳ್ಳವಾಗಿದೆ. ಬನ್ನಿ ಮಾವ. ಒಂದು ದಿನ ಸಾಕು.

ಗೆರೆ


ಫೆಬ್ರವರಿ 13

ಮಗಳೇ,

ಇವರು ಮಧ್ಯಾಹ್ನದ ಊಟ ಮಾಡಿ ಒರಗಿದ್ದಾರೆ. ಏಳುವುದರೊಳಗೆ ಬರೆದು ಮುಗಿಸಬೇಕು, ಅದಕ್ಕೇ ಸುತ್ತಿ ಬಳಸಿ ಹೇಳುವುದಿಲ್ಲ. ನಿನ್ನ ಮಾವನಿಗೆ ಕಣ್ಣು ಕಾಣುವುದಿಲ್ಲ.

ಪೂರ್ತಿ ಕತ್ತಲೆಯೇನಲ್ಲ. ಅಂಚು ಕಾಣುತ್ತದೆ, ನಡುಮಧ್ಯ ಕಾಣುವುದಿಲ್ಲ. ನನ್ನ ಕಿವಿ ಕಾಣುತ್ತದಂತೆ, ಕೂದಲು ಕಾಣುತ್ತದಂತೆ, ಮುಖ ಇರಬೇಕಾದ ಕಡೆ ಮಂಜು. "ಒಂದು ಥರಕ್ಕೆ ಒಳ್ಳೇದೇ, ನೀನು ಮುದುಕಿ ಆಗೋದೇ ಇಲ್ಲ" ಎನ್ನುತ್ತಾರೆ. ಹೋದ ದೃಷ್ಟಿ ಬರುವುದಿಲ್ಲವೆಂದು ಡಾಕ್ಟರು ಹೇಳಿಯಾಗಿದೆ. ನಿನ್ನ ಕಾಗದಗಳನ್ನು ಓದಿ ಹೇಳುವುದು ನಾನು. ಫೋಟೋಗಳನ್ನು ಕೈಯಲ್ಲಿ ಹಿಡಿದು ಓರೆಯಾಗಿ ತಿರುಗಿಸಿ ತಿರುಗಿಸಿ ನೋಡಿದರು, ಆಮೇಲೆ ದಿಂಬಿನ ಕೆಳಗೆ ಇಟ್ಟುಕೊಂಡರು.

ಇದು ಶುರುವಾಗಿ ಮೂರು ವರ್ಷವಾಯಿತು. ಎಂದರೆ ಮಣ್ಣಿನ ಕೋಣೆ ಮುಚ್ಚುವುದಕ್ಕೆ ಒಂದು ವರ್ಷ ಮೊದಲೇ. ಆ ವರ್ಷ ಯಾರಿಗೂ ಹೇಳದೆ ಕೈಯಲ್ಲೇ ನೋಡಿಕೊಂಡು ಕೆಲಸ ಮಾಡಿದರು. ಕೊನೆಯ ನೀಲಿ ಕಾರು ನೆನಪಿದೆಯಾ? ಹತ್ತು ವಾರ ತಡವಾದದ್ದು? ಅದರ ಒಂದು ಮಗ್ಗುಲನ್ನು ಇವರು ಮೂರು ಸಲ ತಪ್ಪು ಕೆರೆದು ಮೂರು ಸಲ ಮತ್ತೆ ಮೆತ್ತಿದ್ದರಂತೆ.

ಆಮೇಲೆ ನೀನು ಬರೆದ ವರದಿ ಬಂತು. ಮಣ್ಣಿನ ಕೋಣೆಯಿಂದ ಹತ್ತು ವಾರ ತಡವಾಯಿತು, ಅದು ಬೇಡ ಎಂದು. ಅವತ್ತಿನಿಂದ ಇವರ ತಲೆಯಲ್ಲಿ ಒಂದೇ ಕೂತಿದೆ. ಹುಡುಗಿಗೆ ನನ್ನ ಕಣ್ಣಿನ ವಿಷಯ ಗೊತ್ತಾಗಿದೆ, ಮಾವ ಕುರುಡ ಎಂದು ಬರೆಯಲಾಗದೆ ಇಡೀ ಕೋಣೆಯನ್ನೇ ಮುಚ್ಚಿಸಿದಳು, ನನ್ನ ಮಾನ ಉಳಿಸಲು ಹೋಗಿ ಜೊತೆಯ ಹತ್ತು ಜನ ಮನೆ ಸೇರಿದರು ಎಂದು. ನಿನ್ನ ಫೋನ್ ಬಂದರೆ ಹಿತ್ತಲಿಗೆ ಹೋಗುತ್ತಾರೆ. ಕೋಪ ಅಂದುಕೊಂಡಿದ್ದೀಯಲ್ಲ, ಅದು ಕೋಪವಲ್ಲ ಮಗಳೇ, ನಾಚಿಕೆ. ನಡುವೆ ನಿಂತು ಇಬ್ಬರಿಗೂ ಸುಳ್ಳು ಹೇಳಿ ಹೇಳಿ ನಾನು ಸುಸ್ತಾದೆ.

ಬೇರೆಯವರ ಹತ್ತಿರ ಬಾಯಿ ಬಿಡಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ನೀನು ಬೇರೆಯವಳಲ್ಲ ಎಂದು ನಾನೇ ತೀರ್ಮಾನ ಮಾಡಿ ಬರೆದಿದ್ದೇನೆ. ಮಂಚ ಕಿರ್ ಅಂತು, ಎದ್ದರು.

ಅತ್ತೆ


ಫೆಬ್ರವರಿ 20

ಅತ್ತೆ, ಇದನ್ನು ಮಾವನಿಗೆ ಜೋರಾಗಿ ಓದು. ನಡುವೆ ನಿಲ್ಲಿಸಬೇಡ. ಅವರು ಎದ್ದು ಹೋದರೆ ಹಿಂದೆಯೇ ಹೋಗಿ ಓದು.

ಮಾವ, ನಿಮ್ಮ ಕಣ್ಣಿನ ವಿಷಯ ನನಗೆ ಗೊತ್ತಿರಲಿಲ್ಲ. ಒಂದೇ ಸೂರಿನ ಕೆಳಗೆ ಕೆಲಸ ಮಾಡಿಯೂ, ವಾರಕ್ಕೊಮ್ಮೆ ನಿಮ್ಮ ಮನೆಯಲ್ಲಿ ಉಂಡೂ ಗೊತ್ತಾಗಲಿಲ್ಲ. ಅಷ್ಟು ನನ್ನದೇ ಓಟದಲ್ಲಿದ್ದೆ. ನಿಮ್ಮ ಮಾನ ಉಳಿಸುವಷ್ಟು ಒಳ್ಳೆಯವಳಲ್ಲ ನಾನು.

ನಡೆದದ್ದು ಹೀಗೆ. ಕೊರೆಯುವ ಯಂತ್ರ ತರಿಸುವುದು, ಮಣ್ಣಿನ ಕೋಣೆ ಮುಚ್ಚುವುದು, ಇವೆರಡನ್ನೂ ಮೇಲಿನ ಮಹಡಿಯವರು ನೀಲಿ ಕಾರು ಶುರುವಾಗುವ ಮೊದಲೇ ತೀರ್ಮಾನಿಸಿದ್ದರು. ಕಾಗದದ ಮೇಲೆ ಒಂದು ಕಾರಣ ಬೇಕಿತ್ತು. ಅದನ್ನು ನನ್ನಿಂದಲೇ ಬರೆಸಿದರೆ ಯಾರೂ ಎದುರಾಡುವುದಿಲ್ಲ, ಅವಳು ಆ ಕೋಣೆಯ ಯಜಮಾನನ ಸೋದರ ಸೊಸೆ ಎಂದು ಅವರ ಎಣಿಕೆ. ನಾನು ಬರೆದುಕೊಟ್ಟೆ. ಹತ್ತು ವಾರದಲ್ಲಿ ಆರು ವಾರ ನನ್ನಿಂದ ಆದದ್ದು. ಕಾರಿನ ಮೂತಿಯನ್ನು ನಾನು ಮೂರು ಸಲ ಬದಲಾಯಿಸಿದ್ದೆ, ನಿಮಗೆ ನೆನಪಿರಬಹುದು. ಆ ಆರನ್ನೂ ಸೇರಿಸಿ ಹತ್ತನ್ನೂ ನಿಮ್ಮ ಕೋಣೆಯ ತಲೆಗೆ ಕಟ್ಟಿದೆ. ಮೂರು ತಿಂಗಳ ಮೇಲೆ ನನಗೆ ಈ ಕುರ್ಚಿ ಸಿಕ್ಕಿತು.

ನಿಮಗೆ ಎದುರು ಕೂತು ಹೇಳಬೇಕಿತ್ತು. ದಿನಾ ಹೇಳುತ್ತೇನೆ ಎಂದುಕೊಂಡು ಮನೆಯಿಂದ ಹೊರಡುತ್ತಿದ್ದೆ. ಒಂದು ಬೆಳಗ್ಗೆ ನೋಟಿಸು ಗೋಡೆಗೆ ಅಂಟಿತು. ನೀವು ಅದರ ಮುಂದೆ ನಿಂತಿದ್ದಿರಿ, ಪಕ್ಕದಲ್ಲಿ ನಿಮ್ಮ ಕೋಣೆಯ ಗಡ್ಡದವರು ನಿಂತು ಓದುತ್ತಿದ್ದರು. ಅವರು ಯಾಕೆ ನಿಮಗೆ ಓದಿ ಹೇಳುತ್ತಿದ್ದಾರೆ ಎಂದು ನನಗೆ ಅವತ್ತು ಹೊಳೆಯಲೇ ಇಲ್ಲ. ನಾನು ಮೆಟ್ಟಿಲು ಹತ್ತಿ ಮೇಲೆ ಹೋದೆ.

ಹತ್ತು ಮನೆಯವರ ಕಷ್ಟ ನಿಮ್ಮಿಂದ ಆದದ್ದಲ್ಲ. ಅದನ್ನು ಇನ್ನು ಒಂದು ದಿನವೂ ಹೊರಬೇಡಿ.

ಕಾರಿಗೋಸ್ಕರ ಬನ್ನಿ ಎಂದು ಇನ್ನು ಕೇಳುವುದಿಲ್ಲ.

ಗೆರೆ


ಮಾರ್ಚ್ 3

(ಹೇಳುತ್ತಿರುವುದು ಇವರು, ಬರೆಯುತ್ತಿರುವುದು ನಾನು. — ಅತ್ತೆ)

ಗೆರೆಗೆ,

ನಿನ್ನ ಕಾಗದ ಕೇಳಿದ ಮೇಲೆ ಎರಡು ದಿನ ಹಿತ್ತಲಲ್ಲೇ ಕೂತಿದ್ದೆ. ಮೂರನೆಯ ದಿನ ಕೋಪ ಬಂತು. ಬರಬೇಕಾದದ್ದು ಎರಡು ವರ್ಷ ತಡವಾಗಿ ಬಂತು ನೋಡು. ಕೋಣೆ ಮುಚ್ಚಿದ್ದಕ್ಕಲ್ಲ, ಮೆಟ್ಟಿಲು ಹತ್ತಿ ಮೇಲೆ ಹೋದದ್ದಕ್ಕೆ. ಕೂರಿಸಿ ಹೇಳಿದ್ದರೆ ನಾನೇನು ಹೊಡೆಯುತ್ತಿದ್ದೆನೇ? ಆರು ವಾರ ನಿನ್ನದಾದರೆ ಉಳಿದ ನಾಲ್ಕು ವಾರ ನನ್ನದೇ. ಅದನ್ನು ನನಗೇ ಬಿಡು. ನಾನೂ ಬಾಯಿ ಬಿಟ್ಟು ಹೇಳಬೇಕಿತ್ತು, ಹೇಳಲಿಲ್ಲ. ಒಂದೇ ಮನೆಯಲ್ಲಿ ಬೆಳೆದವರಲ್ಲವೇ, ನಿನಗೆ ಈ ಗುಣ ಎಲ್ಲಿಂದ ಬಂತೆಂದು ಬೇರೆ ಕೇಳಬೇಕಾಗಿಲ್ಲ.

ಕನಸಿನಲ್ಲಿ ಮಾತ್ರ ನನಗೆ ಈಗಲೂ ನಡುಮಧ್ಯ ಕಾಣುತ್ತದೆ. ಮೊನ್ನೆ ನಿನ್ನ ಕಾರು ಕಂಡಿತು. ಯಾವುದೋ ಬಯಲಿನಲ್ಲಿ ಮೊಣಕಾಲುದ್ದದ ಹುಲ್ಲು, ಅದರ ನಡುವೆ ನಿಂತಿತ್ತು. ಹುಲ್ಲು ಗಾಳಿಗೆ ಬಾಗುತ್ತಿತ್ತು, ಕಾರೂ ಅದರ ಜೊತೆ ಬಾಗುತ್ತಿತ್ತು. ಹತ್ತಿರ ಹೋಗಿ ಮುಟ್ಟೋಣವೆಂದರೆ ಎಚ್ಚರವಾಯಿತು. ಅವತ್ತಿನಿಂದ ಅಂಗೈ ತುರಿಸುತ್ತಿದೆ.

ಬರುತ್ತೇನೆ. ಆದರೆ ಒಬ್ಬನೇ ಬರುವುದಿಲ್ಲ. ನಾನು ತಪ್ಪು ಹುಡುಕಬಲ್ಲೆ, ಕೆರೆದು ತಿದ್ದಲು ಕಣ್ಣಿರುವವರು ಬೇಕು. ನಮ್ಮ ಕೋಣೆಯ ಗಡ್ಡನನ್ನೂ ಉದ್ದಣ್ಣನನ್ನೂ ಕರೆ. ಫೋನಿನಲ್ಲಿ ಕರೆಯಬೇಡ. ಅವರವರ ಮನೆಗೆ ಹೋಗಿ, ಎದುರು ಕೂತು, ನನಗೆ ಬರೆದದ್ದನ್ನೇ ಅವರಿಗೂ ಹೇಳು. ಬೈದರೆ ಬೈಸಿಕೋ. ನನ್ನ ಕಣ್ಣಿನ ವಿಷಯವನ್ನೂ ಹೇಳು, ಮುಚ್ಚಿಡಬೇಡ. ಅವರು ಬಂದರೆ ನಾನೂ ಬರುತ್ತೇನೆ. ನಿನ್ನ ಅತ್ತೆಯೂ ಬರುತ್ತಾಳಂತೆ, ನಾನು ಕೇಳಲಿಲ್ಲ.

(ಕೇಳಿದರು.)

ಮಾವ


ಏಪ್ರಿಲ್ 8

ಅತ್ತೆಗೆ,

ಊರಿಗೆ ಹೊರಡುವಾಗ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, ನಾನು ನಿದ್ದೆ ಹೋಗಿದ್ದಾಗ ಏನಾಯಿತು, ಯಾರೂ ಸರಿಯಾಗಿ ಹೇಳುತ್ತಿಲ್ಲ ಎಂದು ದೂರಿದೆಯಲ್ಲ. ಬಸ್ಸು ಹೊರಟುಬಿಟ್ಟಿತು. ಮಾವ ಹೇಳಿದರೆ ನಾಚಿಕೊಂಡು ಅರ್ಧ ಹೇಳುತ್ತಾರೆ, ಅದಕ್ಕೆ ನಾನೇ ಬರೆಯುತ್ತೇನೆ. ಅವರಿಗೆ ಓದದಿದ್ದರೂ ಪರವಾಗಿಲ್ಲ.

ಮೊದಲು ಆ ಎರಡು ಮನೆಗಳ ಕಥೆ. ಗಡ್ಡದವರು ಈಗ ಪಾರ್ಸೆಲ್ ವ್ಯಾನ್ ಓಡಿಸುತ್ತಾರೆ. ಒಂದು ಗಂಟೆ ಬೈದರು. ಅವರ ಹೆಂಡತಿ ನಡುವೆ ಚಹಾ ತಂದಿಟ್ಟು, ಕುಡಿದು ಮತ್ತೆ ಬೈಯಿರಿ ಎಂದರು. ಕುಡಿದು ಮತ್ತೆ ಬೈದರು. ಮಾವನ ಕಣ್ಣಿನ ವಿಷಯ ಹೇಳಿದಾಗ ಮಾತ್ರ ಬೈಗುಳ ಬಿಟ್ಟು ಗಡ್ಡ ನೀವಿಕೊಂಡರು. ನೋಟಿಸನ್ನು ತನ್ನಿಂದ ಓದಿಸಿಕೊಂಡಾಗಲೇ ಅನುಮಾನ ಬಂದಿತ್ತಂತೆ, ಕೇಳಲು ಮನಸ್ಸಾಗಲಿಲ್ಲವಂತೆ. ಉದ್ದಣ್ಣನವರು ಹೂವಿನ ಸಸಿಗಳನ್ನು ಬೆಳೆಸಿ ಮಾರುತ್ತಿದ್ದಾರೆ. ನಾನು ಹೇಳಿದ್ದನ್ನೆಲ್ಲ ಸಸಿಗಳಿಗೆ ನೀರು ಹಾಕುತ್ತಾ ಕೇಳಿದರು. ಹಾಕಿ ಮುಗಿದ ಮೇಲೆ, ಎಷ್ಟು ಗಂಟೆಗೆ ಬರಬೇಕು ಎಂದು ಮಾತ್ರ ಕೇಳಿದರು.

ಶೆಡ್ಡಿನಲ್ಲಿ ನಡೆದದ್ದನ್ನು ನೀನೂ ನೋಡಿದ್ದೀಯ. ಅವರಿಬ್ಬರೂ ಸೇರಿ ನನ್ನ ಗುಡ್ಡ ಹಳ್ಳವನ್ನು ಮೂರೇ ದಿನದಲ್ಲಿ ಕಾರು ಮಾಡಿದರು. ಮಾವ ಒಂಬತ್ತು ದಿನ ಅದನ್ನು ಸವರಿದರು. ಅಲ್ಲಿ ಅರ್ಧ ಮಿಲಿಮೀಟರ್, ಇಲ್ಲಿ ಕಾಲು ಮಿಲಿಮೀಟರ್, ಸಣ್ಣಪುಟ್ಟದ್ದು ಎಷ್ಟೋ ಸಿಕ್ಕಿತು. ಕಾರಿಗೆ ನಿದ್ದೆ ಮಾತ್ರ ಬರಲಿಲ್ಲ. ಒಂಬತ್ತನೆಯ ದಿನ ಸಂಜೆ ಮಾವ, ಕೈಗೂ ಕಣ್ಣಿನ ಗತಿಯೇ ಬಂತೋ ಏನೋ ಎಂದರು. ಅದನ್ನು ನಾನು ನಿನಗೆ ಹೇಳಿರಲಿಲ್ಲ.

ಹತ್ತನೆಯ ದಿನ ಮಧ್ಯಾಹ್ನ ಶೆಡ್ಡಿನ ದೊಡ್ಡ ಬಾಗಿಲು ತೆರೆದಿತ್ತು. ಬಿಸಿಲು ನೆಲದ ಮೇಲೆ ಹಾಸಿಗೆ ಹಾಸಿದ ಹಾಗೆ ಬಿದ್ದಿತ್ತು, ಅದರಲ್ಲಿ ಮಣ್ಣಿನ ಧೂಳು ತೇಲುತ್ತಿತ್ತು. ಗೋಡೆಯ ಪಕ್ಕದ ಕುರ್ಚಿಯಲ್ಲಿ ನೀನು ತಲೆ ವಾಲಿಸಿ ನಿದ್ದೆ ಹೋಗಿದ್ದೆ. ಮಾವ ನೀರು ಬೇಕೆಂದು ಎರಡು ಸಲ ಕರೆದರು. ನೀನು ಏಳಲಿಲ್ಲ. ಗೋಡೆ ಹಿಡಿದುಕೊಂಡು ನಿನ್ನ ಹತ್ತಿರ ಬಂದು, ಎಬ್ಬಿಸಲು ಹೆಗಲ ಮೇಲೆ ಕೈ ಇಟ್ಟರು. ಎಬ್ಬಿಸಲಿಲ್ಲ. ಆ ಕೈ ಅಲ್ಲೇ ನಿಂತಿತು. ಆಮೇಲೆ ಇನ್ನೊಂದು ಕೈಯನ್ನು ಇನ್ನೊಂದು ಹೆಗಲ ಮೇಲೆ ಇಟ್ಟರು. ನಾವೆಲ್ಲ ಕೆಲಸ ನಿಲ್ಲಿಸಿ ನೋಡುತ್ತಿದ್ದೆವು.

"ಗೆರೆ, ಇಲ್ಲಿ ಬಾ. ಮುಟ್ಟಿ ನೋಡು. ಎಬ್ಬಿಸ್ಬೇಡ."

ನಾನು ಮುಟ್ಟಿದೆ. ನಿನ್ನ ಉಸಿರಿಗೆ ನನ್ನ ಕೈ ಏರಿ ಇಳಿಯಿತು.

"ಎರಡು ಹೆಗಲೂ ಒಂದೇ ಸಮ ಇದೆಯಾ?"

"ಇಲ್ಲ. ಎಡಗಡೇದು ಇಳಿದಿದೆ."

"ನಿನ್ನ ಕಾರಲ್ಲಿ?"

ಕಂಪ್ಯೂಟರಿನಲ್ಲಿ ನಾವು ಅರ್ಧ ಕಾರು ಮಾತ್ರ ಬರೆಯುತ್ತೇವೆ ಅತ್ತೆ. ಉಳಿದರ್ಧವನ್ನು ಅದು ಕನ್ನಡಿಯಲ್ಲಿ ತೋರಿಸಿದ ಹಾಗೆ ತಾನೇ ಮಾಡಿಕೊಡುತ್ತದೆ. ಎಡಕ್ಕೂ ಬಲಕ್ಕೂ ಕೂದಲೆಳೆಯ ಫರಕಿಲ್ಲ. ಮಣ್ಣಿನ ಕಾಲದಲ್ಲೂ ಎರಡೂ ಕಡೆ ಸಮ ಬರುವವರೆಗೆ ಅಳೆದು ಅಳೆದು ತಿದ್ದುತ್ತಿದ್ದರು. ಮೂವತ್ತೊಂದು ವರ್ಷ ಮಾವ ಮಾಡಿದ್ದೂ ಅದನ್ನೇ.

"ಮಲಗಿದ್ದು ಯಾವುದಾದ್ರೂ ಎರಡೂ ಕಡೆ ಸಮ ಇರುತ್ತಾ?" ಎಂದರು. "ಸಮ ಇದ್ರೆ ಎಚ್ಚರ ಇದೆ ಅಂತ. ಇಲ್ಲ ಸತ್ತಿದೆ ಅಂತ."

ಉದ್ದಣ್ಣನವರು ಆಗಲೇ ಕೆರೆಯುವ ಪಟ್ಟಿ ಕೈಗೆತ್ತಿಕೊಂಡಿದ್ದರು. ಬಾಗಿಲಿರುವ ಎಡಗಡೆಯ ಹೆಗಲನ್ನು, ಎಂದರೆ ಕಿಟಕಿಯ ಕೆಳಗಿನ ಉಬ್ಬನ್ನು, ನಾಲ್ಕು ಮಿಲಿಮೀಟರ್ ಇಳಿಸಿದೆವು, ಅಷ್ಟೇ. ಚಾವಣಿಯ ನೆತ್ತಿ ಒಂದಿಷ್ಟು ಆ ಕಡೆ ವಾಲಿತು. ಇಷ್ಟನ್ನು ಸರಿಯಾಗಿ ಮಾಡಲು ಐದು ದಿನ ಹಿಡಿಯಿತು, ಪ್ರತಿ ಸಲ ಕೆರೆದಾಗಲೂ ಮಾವ ಸವರಿ ಇನ್ನೂ ಇಲ್ಲ, ಇನ್ನೂ ಇಲ್ಲ ಎನ್ನುತ್ತಿದ್ದರು. ಐದನೆಯ ದಿನ ಏನೂ ಹೇಳದೆ ಕೈ ಹಿಂದಕ್ಕೆ ತೆಗೆದುಕೊಂಡರು.

ಮಣ್ಣು ಲೋಹದಂತೆ ಹೊಳೆಯಲೆಂದು ಬೆಳ್ಳಿ ಬಣ್ಣದ ತೆಳು ಹಾಳೆ ಹೊದಿಸಿ ಸಾಹೇಬರನ್ನು ಕರೆದೆ. ಒಂದೇ ಸುತ್ತು ಬಂದರು. ಹೂಂ ಎನ್ನಲಿಲ್ಲ. ನಿನ್ನ ಕುರ್ಚಿ ಖಾಲಿಯಿತ್ತಲ್ಲ, ಅದರಲ್ಲಿ ಕೂತರು. ತುಂಬಾ ಹೊತ್ತು ಕೂತೇ ಇದ್ದರು. ಈಗ ಆ ಮಣ್ಣಿನ ಅಳತೆಗೇ ಪ್ರದರ್ಶನದ ನಿಜವಾದ ಕಾರು ತಯಾರಾಗುತ್ತಿದೆ.

ಹೀಗೆ ನೀನು ನಿದ್ದೆ ಮಾಡಿ ಕಂಪನಿಯ ಕೆಲಸ ಉಳಿಸಿದೆ. ಯಾರಾದರೂ ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರೆ ಕಾರು ಡಿಸೈನು ಎಂದು ಹೇಳು.

ನಿನ್ನ ಗೆರೆ


ಮೇ 21

(ಬರವಣಿಗೆ ನನ್ನದೇ. ನಿದ್ದೆಯ ವಿಷಯವನ್ನು ಬೀದಿಗೆಲ್ಲ ಹೇಳಿ ಮುಗಿಸಿದ್ದಾರೆ. — ಅತ್ತೆ)

ಗೆರೆಗೆ,

ಪ್ರದರ್ಶನದ ದಿನ ನೀನು ಕ್ಯಾಮೆರಾದವರ ನಡುವೆ ಸಿಕ್ಕಿಕೊಂಡಿದ್ದೆ, ಮಾತಾಡಲು ಆಗಲಿಲ್ಲ. ನೀನು ಅಲ್ಲಿಂದ ನೋಡಿದ್ದು ನನಗೆ ಗೊತ್ತಿಲ್ಲ. ನಾನು ನಿಂತ ಕಡೆಯಿಂದ ಕೇಳಿದ್ದನ್ನು ಹೇಳುತ್ತೇನೆ.

ಅಷ್ಟು ದೊಡ್ಡ ಹಾಲಿನಲ್ಲಿ ನನಗೆ ಕಂಡದ್ದು ಅಂಚಿನ ದೀಪಗಳು, ನಡುವೆ ಮಂಜು. ಒಂದು ಕಡೆ ಡೋಲಿನಂಥ ಸಂಗೀತ, ಇನ್ನೊಂದು ಕಡೆ ಸ್ಪೀಕರಿನಲ್ಲಿ ಕೂಗಾಟ, ಜನರ ಗಲಾಟೆ. ನಿನ್ನ ಅತ್ತೆ ನನ್ನ ತೋಳು ಹಿಡಿದು ಕಾರಿನಿಂದ ಸ್ವಲ್ಪ ದೂರ ಒಂದು ಕಂಬದ ಪಕ್ಕ ನಿಲ್ಲಿಸಿದಳು. ಅಲ್ಲಿ ನಿಂತು ಸ್ವಲ್ಪ ಹೊತ್ತಾದ ಮೇಲೆ ಗೊತ್ತಾಯಿತು. ಜನ ಜೋರಾಗಿ ಮಾತಾಡುತ್ತಾ ಬರುತ್ತಾರೆ. ಹತ್ತು ಹೆಜ್ಜೆ ಇದೆ ಎನ್ನುವಾಗ ದನಿ ಇಳಿಯುತ್ತದೆ. ಹತ್ತಿರ ಬಂದ ಮೇಲೆ ಪಿಸುಮಾತು. ಆಚೆ ದಾಟಿದ ಮೇಲೆ ಮತ್ತೆ ಜೋರು. ಗಲಾಟೆ ಮಾಡಬೇಡಿ ಎಂದು ಅಲ್ಲಿ ಎಲ್ಲಾದರೂ ಬರೆದಿದೆಯಾ ಎಂದು ನಿನ್ನ ಅತ್ತೆಯನ್ನು ಕೇಳಿದೆ. ಇಲ್ಲ ಎಂದಳು. ಯಾರಾದರೂ ಕಾವಲಿನವರು ಹೇಳುತ್ತಿದ್ದಾರಾ ಎಂದು ಕೇಳಿದೆ. ಯಾರೂ ಇಲ್ಲ ಎಂದಳು.

ಫೋನಿನಲ್ಲಿ ಯಾರ ಮೇಲೋ ರೇಗುತ್ತಾ ಬಂದವನೊಬ್ಬ ನನ್ನ ಪಕ್ಕದಲ್ಲೇ ನಿಂತ. ನಿಂತವನು, ಆಮೇಲೆ ಮಾಡುತ್ತೇನೆ ಎಂದು ಮೆಲ್ಲಗೆ ಹೇಳಿ ಫೋನ್ ಇಟ್ಟ. ಒಂದು ಮಗು ಅಮ್ಮನನ್ನು, "ಅದು ಎದ್ಬಿಡುತ್ತಾ?" ಎಂದು ಕೇಳಿತು. ಅಮ್ಮ ಶ್ ಎಂದಳು.

ಆ ಕಂಬದ ಪಕ್ಕ ನಾವು ಎರಡು ಗಂಟೆ ನಿಂತೆವು. ಕಾಲು ನೋಯಿತು, ಬರಲು ಮನಸ್ಸಾಗಲಿಲ್ಲ. ನಲವತ್ತು ಕಾರು ಮಾಡಿದ್ದೇನೆ, ಒಂದನ್ನೂ ಹೀಗೆ ಕೇಳಿಸಿಕೊಂಡಿರಲಿಲ್ಲ.

ಅದರ ಬಣ್ಣ ಯಾವುದು ಎಂದು ಅವತ್ತು ಕೇಳಲು ಮರೆತೆ. ನಿನ್ನ ಅತ್ತೆ ಬೂದಿ ಎನ್ನುತ್ತಾಳೆ, ಬಸ್ಸಿನಲ್ಲಿ ಬರುವಾಗ ತಿಳಿ ನೀಲಿ ಎಂದಿದ್ದಳು.

(ನೋಡುತ್ತಾ ನಿಂತರೆ ಬದಲಾಗುತ್ತಿತ್ತು. ನಾನೇನು ಮಾಡಲಿ? ಕಣ್ಣಲ್ಲೂ ನೀರಿತ್ತು.)

ಮಾವ


ಜುಲೈ 9

ಮಾವನಿಗೂ ಅತ್ತೆಗೂ,

ಇಷ್ಟು ದಿನ ಬರೆಯದಿದ್ದಕ್ಕೆ ಕಾರಣವಿದೆ. ಒಳ್ಳೆಯದೂ ಕೆಟ್ಟದ್ದೂ ಒಟ್ಟಿಗೆ ತಿಳಿಯಲಿ ಎಂದು ಕಾದೆ.

ಬಣ್ಣಕ್ಕೆ ಹೆಸರಿಲ್ಲ. ಮಳೆ ಬರುವ ಮೊದಲಿನ ಆಕಾಶ ತೋರಿಸಿ ಹಾಗೆ ಬೇಕು ಎಂದಿದ್ದೆ. ಅತ್ತೆ ಹೇಳಿದ್ದು ಎರಡೂ ಸರಿ.

ಕಾರನ್ನು ಕಂಪನಿ ತಯಾರಿಸುವುದಿಲ್ಲ. ಜನ ಮೆಚ್ಚಿಕೊಂಡರು, ಬರೆಯುವವರು ಬರೆದರು. ಆದರೆ ರಸ್ತೆಗೆ ಬರಲು ಇನ್ನೂ ಇಪ್ಪತ್ತು ವರ್ಷವಾದರೂ ಬೇಕು ಎಂದು ಮೇಲಿನ ಮಹಡಿಯವರು ಹೇಳಿದರು. ಬೇರೆ ಕಂಪನಿಯವರ ಕೈಗೆ ಸಿಗಬಾರದೆಂದು ಇಂಥ ಕಾರುಗಳನ್ನು ಒಡೆದುಹಾಕುತ್ತಾರೆ. ಒಡೆಯುವಾಗ ನಾನೂ ಅಲ್ಲೇ ಇರುತ್ತೇನೆ ಎಂದು ಕೇಳಿಕೊಂಡೆ. ಹೋದ ಮಂಗಳವಾರ ಬೆಳಗ್ಗೆ ಅಂಗಳದಲ್ಲಿ ನಿಲ್ಲಿಸಿದ್ದರು. ಇಬ್ಬನಿ ಬಿದ್ದಿತ್ತು. ಕೈಯಿಂದ ಒಮ್ಮೆ ಸವರಿದೆ. ಎಡ ಹೆಗಲ ಹತ್ತಿರ ಬಂದಾಗ ನನ್ನ ಕೈ ಯೋಚನೆ ಮಾಡಿತು ಮಾವ. ಇದೇ ಮೊದಲ ಸಲ. ಆಮೇಲೆ ಯಂತ್ರ ಬಂತು. ಅರ್ಧ ಗಂಟೆಯೂ ಆಗಲಿಲ್ಲ. ಯಂತ್ರ ಓಡಿಸುವವನು ಶುರುಮಾಡುವ ಮೊದಲು ಇಳಿದು ಬಂದು, ಬೇಜಾರು ಮಾಡ್ಕೋಬೇಡಿ ಮೇಡಂ ಎಂದ. ನಾನು ಅಳಬಾರದೆಂದು ಹೋಗಿದ್ದೆ. ಅತ್ತುಬಿಟ್ಟೆ.

ಮಣ್ಣಿನ ಮಾದರಿಯನ್ನು ಮಾತ್ರ ಎಸೆಯಲು ಬಿಡಲಿಲ್ಲ. ಕೆರೆದು ತೆಗೆದು ಡಬ್ಬಗಳಲ್ಲಿ ತುಂಬಿದ್ದೇವೆ.

ಇನ್ನು ಒಳ್ಳೆಯ ಸುದ್ದಿ. ಶೆಡ್ಡಿನ ಆ ಮೂಲೆಗೆ ಗೋಡೆ ಕಟ್ಟಿಸಿ ಮಣ್ಣಿನ ಕೋಣೆ ಮಾಡುತ್ತಿದ್ದಾರೆ. ಮೊದಲಿನ ಅರ್ಧದಷ್ಟಿದೆ. ಗಡ್ಡದವರು ವ್ಯಾನ್ ಬಿಟ್ಟು ಬಂದಿದ್ದಾರೆ. ಉದ್ದಣ್ಣನವರು ಬರುವುದಿಲ್ಲ ಎಂದರು, ಸಸಿಗಳು ತನ್ನನ್ನು ಬೈಯುವುದಿಲ್ಲವಂತೆ. ಕಲಿಯಲು ಮೂವರು ಹೊಸಬರನ್ನು ತೆಗೆದುಕೊಂಡಿದ್ದೇವೆ. ಉಳಿದ ಎಂಟು ಜನರನ್ನೂ ಹುಡುಕಿಕೊಂಡು ಹೋದೆ. ಇಬ್ಬರು ಊರು ಬಿಟ್ಟಿದ್ದಾರೆ, ಎಲ್ಲಿಗೆ ಎಂದು ತಿಳಿಯಲಿಲ್ಲ. ಐದು ಜನ ಕೂರಿಸಿ ಕೇಳಿದರು, ಅವರಲ್ಲಿ ಒಬ್ಬರು ಮುಂದಿನ ತಿಂಗಳು ಬರುತ್ತಾರೆ. ಇನ್ನೊಬ್ಬರು, ನಿಮ್ಮ ಎಡಗೈಯಂತಿದ್ದ ಆ ಮೌನಿ, ನನ್ನನ್ನು ನೋಡಿ ಬಾಗಿಲು ಹಾಕಿಕೊಂಡರು. ಹೊರಗೆ ಸ್ವಲ್ಪ ಹೊತ್ತು ನಿಂತು ಬಂದೆ.

ವಾರಕ್ಕೆ ಎರಡು ದಿನ ಬಂದು ಹೊಸಬರ ಕೈ ತಿದ್ದುತ್ತೀರಾ ಎಂದು ಸಾಹೇಬರು ಕೇಳಿದ್ದಾರೆ. ಕಣ್ಣಿನ ವಿಷಯ ನಾನೇ ಹೇಳಿದೆ. ಅವರು ಹೂಂ ಎಂದರು. ಗೊತ್ತು ಎನ್ನುವ ಹೂಂ ಅದು.

ಸಾಹೇಬರು ಕೇಳಿದ್ದನ್ನು ಬರೆದಿದ್ದೇನೆ. ನಾನು ಕೇಳಬೇಕಾದದ್ದು ಬೇರೆ ಇದೆ, ಅದನ್ನು ಭಾನುವಾರ ಮನೆಗೆ ಬಂದು ಎದುರು ಕೂತೇ ಕೇಳುತ್ತೇನೆ.

ಗೆರೆ


ಜುಲೈ 16

ಗೆರೆಗೆ,

ಇದನ್ನು ನಾನೇ ಬರೆಯುತ್ತಿದ್ದೇನೆ. ಸಾಲು ಸೊಟ್ಟಗಿದ್ದರೆ ತಲೆ ಸೊಟ್ಟ ಮಾಡಿ ಓದು.

ನೀನು ಭಾನುವಾರ ಕೇಳಿದ್ದಕ್ಕೆ ಅವತ್ತು ಬಾಯಲ್ಲಿ ಉತ್ತರ ಬರಲಿಲ್ಲ. ನಿನ್ನ ಅತ್ತೆ ತಟ್ಟೆ ಎತ್ತುವ ನೆಪದಲ್ಲಿ ಒಳಗೆ ಹೋಗಿ ನಿಂತಿದ್ದಳು, ಅದೂ ಗೊತ್ತು. ಉತ್ತರ ಇದು. ಕ್ಷಮಿಸುವಂಥದ್ದು ಏನಿತ್ತೋ ಅದು ಆಗಿಹೋಗಿದೆ. ಯಾವ ದಿನ ಆಯಿತೆಂದು ನನಗೂ ಗೊತ್ತಿಲ್ಲ. ಮತ್ತೆ ಕೇಳಬೇಡ.

ನನ್ನ ನಲವತ್ತು ಕಾರಿನಲ್ಲಿ ರಸ್ತೆಗೆ ಬಂದದ್ದು ಒಂಬತ್ತು. ಉಳಿದವೆಲ್ಲ ಒಲೆಗೆ ಹೋಗಿ ಬೇರೆ ಕಾರಾದವು. ಮೊದಮೊದಲು ನಾನೂ ಅಳುತ್ತಿದ್ದೆ.

ಬಾಗಿಲು ಹಾಕಿಕೊಂಡವನ ಮನೆಗೆ ಇನ್ನೊಂದು ಸಲ ಹೋಗೋಣ. ಈ ಸಲ ನಾನೂ ಬರುತ್ತೇನೆ. ನನ್ನ ದನಿ ಕೇಳಿದರೆ ತೆರೆಯುತ್ತಾನೆ. ತೆರೆಯದಿದ್ದರೆ ಇಬ್ಬರೂ ಹೊರಗೆ ನಿಲ್ಲೋಣ.

ಸೋಮವಾರ ಒಲೆಯನ್ನು ಬೆಳಗ್ಗೆ ಏಳಕ್ಕೇ ಹಚ್ಚಿಸು. ಮಣ್ಣು ಒಳಗಿನವರೆಗೆ ಕಾಯಲು ನಾಲ್ಕು ಗಂಟೆ ಬೇಕು. ನಾನು ಹನ್ನೊಂದಕ್ಕೆ ಬರುತ್ತೇನೆ.

ಮಾವ